ಗಾಳದ ಯಾತ್ರಿಕರೂ ಕಾವೇರಿಯ ಬಿಳಿಮೀನೂ

ಹುಲಿಯ ಬೇಟೆಗಾರರ ಚರಿತ್ರೆಯನ್ನು ನಾವೆಲ್ಲರೂ ಕೇಳಿದ್ದೇವೆ. ಗಾಳಗಾರರ ಚರಿತ್ರೆಯನ್ನು ಕೇಳಿದವರು ವಿರಳ. ಮೀನು ಹಿಡಿಯುವುದು ನಮ್ಮಲ್ಲಿ ಬೆಸ್ತರ ಜೀವನೋಪಾಯ. ಇಂಗ್ಲೆಂಡಿನ ಸಿರಿವಂತರಿಗಾದರೋ ಅದೊಂದು ವಿನೋದ. ಆ ವಿನೋದಕ್ಕಾಗಿ ಸಮುದ್ರವನ್ನು ದಾಟುವುದಕ್ಕೂ ಅವರು ಹಿಂಜರಿದವರಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಸಾಲ್ಮನ್ ಮೀನಿಗಾಗಿ ಅವರು ನಾರ್ವೆಯ ಹೊಳೆಗಳಿಗೆ ಹೋದರು. ಮಹಸೀರಿಗಾಗಿ ಹಿಂದೂದೇಶದ ಹೊಳೆಗಳನ್ನು ಹುಡುಕಿದರು. ಕಾವೇರಿಯ ದಡದವರು ಬಿಳಿಮೀನು ಎನ್ನುವುದು ಈ ಮಹಸೀರನ್ನೇ. ಇಂತಹ ಯಾತ್ರೆ ಹೇಗೆ ನಡೆಯುತ್ತಿತ್ತು, ಅದರಿಂದ ಕಡೆಗೆ ತಿಳಿದುಬಂದುದೇನು ಎಂಬುದನ್ನು ಇಂದು ವಿಚಾರಮಾಡೋಣ.

ಈ ಯಾತ್ರೆಗೆ ಕೈಪಿಡಿಯಾದ ಗ್ರಂಥ ನಮ್ಮ ಮಂಗಳೂರಿನಲ್ಲಿಯೇ 1873ರಲ್ಲಿ ಅಚ್ಚಾಯಿತೆಂಬುದು ಸ್ವಾರಸ್ಯದ ಸಂಗತಿ. ಅದರ ಹೆಸರು 'ದಿ ರಾಡ್ ಇನ್ ಇಂಡಿಯಾ'. ಕರ್ತೃ ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ತಾಮಸ್. ತೂಕಕ್ಕೆ ತೂಕವಿಟ್ಟು ನೋಡಿದರೆ ಸಾಲ್ಮನ್ನಿಗಿಂತ ಮಹಸೀರೇ ಬಲಶಾಲಿ ಎಂಬುದು ಆತನ ಮತ. ಈ ಮೀನಿನ ಬಾಯಿಯಲ್ಲಿ ಹಲ್ಲಿಲ್ಲ, ಹಲ್ಲುಗಳಿರುವುದು ಗಂಟಲಲ್ಲಿ. ಆದರೂ ಅದರ ದವಡೆಯ ಒತ್ತಡಕ್ಕೆ ಸಾಧಾರಣವಾದ ಕೊಕ್ಕೆ ನಜ್ಜುಗುಜ್ಜಾಗುವುದು. ಆದುದರಿಂದ ಗಟ್ಟಿಯಾದ ಕೊಕ್ಕೆ, ಬಲವಾದ ಕೋಲು, ನೂರಾರು ಗಜ ದಾರ, ಇವನ್ನು ಸಿದ್ಧಮಾಡಿಕೊಂಡು, ಮಳೆಗಾಲದ ಕೆಂಪುನೀರು ಇಳಿದು ಹೊಳೆ ತಿಳಿಯಾಗುವ ಕಾಲವನ್ನು ನೋಡಿಕೊಂಡು ಹೊರಡಬೇಕಾಗಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆದಮೇಲೆ ಈ ಪ್ರಯಾಣ ಬಹಳ ಸುಲಭವಾಯಿತು.

1919ರಲ್ಲಿ ಮೇಜರ್ ರಿವೆಟ್-ಕಾರ್ನಾಕ್ ಕಾವೇರಿಯಲ್ಲಿ 119 ಪೌಂಡಿನ ಮೀನನ್ನು ಹಿಡಿದರು. 1946ರ ಮಾರ್ಚಿಯಲ್ಲಿ ಮೈಸೂರಿನವರೇ ಆದ ಡಿ ವೆಟ್ ವಾನ್ ಇಂಗೆನ್ ಅವರಿಗೆ ಕಬಿನಿಯಲ್ಲಿ 120 ಪೌಂಡಿನದು, ಎಂದರೆ ಸುಮಾರು 54 ಕಿಲೋ ತೂಗುವುದು, ಸಿಕ್ಕಿತು. ಅನಂತರ ಬಹುಕಾಲ ಈ ಮೀನು ಅಳಿದೇಹೋಯಿತೆಂಬ ಭಾವನೆ ಇಂಗ್ಲೆಂಡಿನಲ್ಲಿ ಹಬ್ಬಿತ್ತು. 1977-78ರಲ್ಲಿ ಇಂಗ್ಲೆಂಡಿನಿಂದ ಬಂದ ಮೂವರು ಗಾಳಗಾರರು ಕಾವೇರಿಯಲ್ಲಿ ಅದನ್ನು ಮತ್ತೆ ಕಂಡರು. ಸಂಗಮದ ಮೇಲಣ ಗಾಲಿಬೋರೆ, ಭೀಮೇಶ್ವರಿಗಳ ಬಿಡಾರಗಳಿಗೆ ಪರದೇಶದವರು ವರ್ಷವರ್ಷವೂ ಬರತೊಡಗಿದರು.

ಯಾತ್ರಿಕನ ಏರ್ಪಾಡೆಲ್ಲ ಹೊಳೆಯ ದಡಕ್ಕೆ ಬಂದು ಮುಗಿಯುತ್ತಿತ್ತು. ಅಲ್ಲಿಂದ ಮುಂದೆ ಊರಿನ ಮಾರ್ಗದರ್ಶಿಯದೇ ಯಜಮಾನಿಕೆ. ಸ್ಕಾಟ್ಲೆಂಡಿನ ಮಾತನ್ನು ಎರವಲು ತಂದು ಆತನನ್ನು 'ಗಿಲ್ಲಿ' ಎಂದು ಕರೆಯುತ್ತಿದ್ದರು. ರಾಗಿಹಿಟ್ಟನ್ನು ಬೇಯಿಸಿ, ನಾದಿ, ಉಂಡೆ ಕಟ್ಟುವವನು ಆತ. ಯಾವ ಬಂಡೆಯ ಮರೆಯಲ್ಲಿ ಮೀನು ನಿಲ್ಲುವುದೆಂದು ಬಲ್ಲವನೂ ಆತ. ದಾರ ಬಂಡೆಗೆ ಸಿಕ್ಕಿಕೊಂಡರೆ ಹರಿಗೋಲನ್ನು ಸೆಳವಿಗೆ ಇಳಿಸಿ ಬಿಡಿಸುವವನೂ ಆತನೇ. ಹಿಡಿದ ಮೀನನ್ನು ತೂಗಿ, ಪುಸ್ತಕದಲ್ಲಿ ಬರೆದು, ಹೊಳೆಗೆ ಮರಳಿ ಬಿಡುವುದು ಬಿಡಾರದ ನಿಯಮ.

ಆ ಬರೆದಿಡುವ ಪದ್ಧತಿಯಿಂದ ಯಾರೂ ಎಣಿಸದ ಪ್ರಯೋಜನವೊಂದು ಒದಗಿತು. ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಆರು ಸಾವಿರಕ್ಕೂ ಮೀರಿದ ಮಹಸೀರುಗಳ ಲೆಕ್ಕವನ್ನು ವಿಜ್ಞಾನಿಗಳು ಪರಿಶೀಲಿಸಿ 2015ರಲ್ಲಿ ಪ್ರಕಟಿಸಿದರು. ಮೀನಿನ ಸಂಖ್ಯೆಯೇನೋ ಏರಿತ್ತು. ಆದರೆ ಏರಿದುದು ನೀಲಿರೆಕ್ಕೆಯ ಮಹಸೀರು. ಅದು ಕಾವೇರಿಯದಲ್ಲ, ಹೊಳೆಯ ಸಂಪತ್ತನ್ನು ಹೆಚ್ಚಿಸುವ ಸದುದ್ದೇಶದಿಂದ ಲೋಣಾವಳದ ಮರಿಗಳನ್ನು ತಂದು ಬಿಟ್ಟದ್ದು. ಕಿತ್ತಳೆಬಣ್ಣದ ರೆಕ್ಕೆಯ, ಬೆನ್ನುಬ್ಬಿದ ನಮ್ಮ ಹಳೆಯ ದೈತ್ಯ ಮೀನು ಅಪರೂಪವಾಗಿತ್ತು. ಲೋಕವಿಖ್ಯಾತವಾದ ಈ ಮೀನಿಗೆ 'ಟಾರ್ ರೆಮಾದೇವಿಯೈ' ಎಂಬ ಶಾಸ್ತ್ರೀಯ ನಾಮ ನಿರ್ಧಾರವಾದುದು 2018ರಲ್ಲಿ. ಅದೇ ವರ್ಷವೇ ಅದನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ನಾಮಕರಣಕ್ಕೂ ಅಂತ್ಯದ ಎಚ್ಚರಿಕೆಗೂ ನಡುವೆ ಒಂದು ವರ್ಷದ ಅಂತರವೂ ಇರಲಿಲ್ಲ!

ಅಭಯಾರಣ್ಯದಲ್ಲಿ ಗಾಳ ಹಾಕುವುದೂ 1972ರ ವನ್ಯಜೀವಿ ಕಾಯಿದೆಯಂತೆ ಬೇಟೆಯೇ ಎಂಬ ಅರ್ಥನಿರ್ಣಯವಾಗಿ, 2012ರ ವೇಳೆಗೆ ಬಿಡಾರಗಳ ಗಾಳದ ಆಟ ನಿಂತಿತು. ಅದರೊಡನೆ ಲೆಕ್ಕದ ಪುಸ್ತಕವೂ ಮುಚ್ಚಿತು. ಆಟ ನಿಂತುದು ಸರಿಯೋ ತಪ್ಪೋ ಎಂಬ ವಾದಕ್ಕೆ ನಾವು ಇಲ್ಲಿ ಕೈಹಾಕುವುದಿಲ್ಲ. ಒಂದು ಮಾತನ್ನು ಮಾತ್ರ ಹೇಳಬಹುದು: ಪರದೇಶದ ಹೊಳೆಗೆ ಹೊರಡುವವನ ಗಂಟಿನಲ್ಲಿ ಕೋಲು ಕೊಕ್ಕೆಗಳ ಜೊತೆಗೆ ತಕ್ಕಡಿಯೂ ಪುಸ್ತಕವೂ ಇರಲಿ, ದಡದವನ ಮಾತನ್ನು ಕೇಳುವ ವಿನಯವೂ ಇರಲಿ. ಕಾವೇರಿಯ ಬಿಳಿಮೀನು ಕರಗುತ್ತಿದೆಯೆಂಬ ಸುದ್ದಿಯನ್ನು ನಮಗೆ ಮುಟ್ಟಿಸಿದುದು ಆ ಪುಸ್ತಕದ ಸಾಲುಗಳೇ ಅಲ್ಲವೆ?