ಮೂಕನಾಯಕನಿಂದ ಬ್ಲಾಕ್‌ಚೈನ್ ತನಕ: ಅಚ್ಚುಮನಿ ಯಾರದು?

ಸ್ವಲ್ಪ ಉದ್ದ ಐತಿ, ಪೂರ್ತಿ ಓದ್ರಿ.

"ಬ್ಲಾಕ್‌ಚೈನ್ ಮೇಲೆ ಸೋಶಿಯಲ್ ಮೀಡಿಯಾ ಬಂದಾವು, ಅಲ್ಲಿ ನಮ್ಮ ಪೋಸ್ಟ್ ಯಾರಿಗೂ ಅಳಸಾಕ ಬರೂದಿಲ್ಲ, ಎಲ್ಲಾರೂ ಅಲ್ಲಿಗೇ ಹೋಗೂಣು" ಅಂತ ನಮ್ಮ ಹುಡುಗರು ಗಂಟು ಬಿದ್ದಾರ. ಇದಕ್ಕ ಉತ್ತರ ಕೊಡಾಕ ನೂರು ವರ್ಷ ಹಿಂದೆ ಹೋಗಬೇಕು.

1920ರ ಜನವರಿ 31ರಂದು ಬಾಬಾಸಾಹೇಬರು ಮುಂಬೈಯಲ್ಲಿ ‘ಮೂಕನಾಯಕ’ ಪಾಕ್ಷಿಕ ಶುರು ಮಾಡಿದರು. ರೊಕ್ಕ ಕೊಡ್ತೀವಿ ಅಂದರೂ ‘ಕೇಸರಿ’ ಅದರ ಜಾಹೀರಾತು ಹಾಕಲಿಲ್ಲ. ಕೊಲ್ಹಾಪುರದ ಶಾಹೂ ಮಹಾರಾಜರು 2,500 ರೂಪಾಯಿ ಕೊಟ್ಟರು. ಮಾರ್ಚ್ 21-22ಕ್ಕೆ ಮಾಣಗಾಂವ ಪರಿಷತ್ತು. ನಿಪ್ಪಾಣಿಯಿಂದ ಅದೇನು ದೂರಲ್ಲ. 1925ರ ಏಪ್ರಿಲ್‌ನಲ್ಲಿ ನಮ್ಮ ನಿಪ್ಪಾಣಿಯಲ್ಲೇ ಪ್ರಾಂತಿಕ ಬಹಿಷ್ಕೃತ ಪರಿಷತ್ತು ನಡೀತು, ಅಧ್ಯಕ್ಷರು ಬಾಬಾಸಾಹೇಬರೇ. ಆದರೆ ಆಗ ಅವರ ಕೈಯಾಗ ಪತ್ರಿಕೆನೇ ಇರಲಿಲ್ಲ. ಮೂಕನಾಯಕ 1923ಕ್ಕೇ ನಿಂತಿತ್ತು. ‘ಬಹಿಷ್ಕೃತ ಭಾರತ’ ಬಂದದ್ದು 1927ರ ಏಪ್ರಿಲ್ 3ಕ್ಕೆ, ಮಹಾಡದ ಕೆರೆ ಸತ್ಯಾಗ್ರಹ ಆಗಿ ಬರೋಬ್ಬರಿ ಎರಡು ವಾರಕ್ಕೆ. ಅದೂ 1929ಕ್ಕೆ ನಿಂತಿತು. ಮತ್ತೆ 1930ರಲ್ಲಿ ‘ಜನತಾ’, 1956ರಲ್ಲಿ ‘ಪ್ರಬುದ್ಧ ಭಾರತ’. ನಿಂತಷ್ಟು ಸಲ ಮತ್ತೆ ಹುಟ್ಟಿಸಿದರು, ಮಂದಿ ಪತ್ರಿಕೆಯ ಬಾಗಿಲಿಗೆ ಹೋಗಿ ನಿಲ್ಲಲಿಲ್ಲ.

ಈಗ 2019ಕ್ಕೆ ಬರ್ರಿ. ನವೆಂಬರ್‌ನಲ್ಲಿ ಪತ್ರಕರ್ತ ದಿಲೀಪ್ ಮಂಡಲ್ ಅವರ ಖಾತೆಗೆ ಟ್ವಿಟರ್ ಬೀಗ ಹಾಕಿತು. ನೀಲಿ ಟಿಕ್ ಕೊಡೂದ್ರಾಗೂ ಜಾತಿ ಐತಿ ಅಂತ ನಮ್ಮವರು ದೊಡ್ಡ ಗದ್ದಲ ಎಬ್ಬಿಸಿದರು. ಅದೇ ತಿಂಗಳು ಸುಪ್ರೀಂ ಕೋರ್ಟ್ ವಕೀಲ ಸಂಜಯ್ ಹೆಗ್ಡೆ ಅವರ ಖಾತೆ ಬಂದ್ ಆದಾಗ ಬಹಳ ಮಂದಿ ಮ್ಯಾಸ್ಟೊಡಾನ್‌ಗೆ ಹೋದರು. ಅದು ಬ್ಲಾಕ್‌ಚೈನ್ ಅಲ್ಲ; ಯಾರ ಸರ್ವರ್ ಅವರದು, ಆದರೆ ಒಂದರ ಮಾತು ಇನ್ನೊಂದಕ್ಕೆ ಮುಟ್ಟುತ್ತದೆ.

ಬ್ಲಾಕ್‌ಚೈನ್ ಅಂದರೆ ಏನು? ನಾನು ಗುಮಾಸ್ತ, ರಜಿಸ್ಟರ್ ಲೆಕ್ಕದಾಗ ಹೇಳ್ತೀನಿ. ಒಂದೇ ಪ್ರತಿ ಇದ್ದ ರಜಿಸ್ಟರಿನ ಹಾಳೆ ಮಾಯ ಆಗತೈತಿ. ಅದೇ ಪ್ರತಿ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಐದೂ ಕಡೆ ಇದ್ದು, ಪ್ರತಿ ಹಾಳೆಯ ಮೇಲೆ ಹಿಂದಿನ ಹಾಳೆಯ ಗುರುತು ಬಿದ್ದಿದ್ದರೆ, ಒಂದು ಕಡೆ ತಿದ್ದಿದರೆ ಉಳಿದ ನಾಲ್ಕು ಕಡೆ ಸಿಕ್ಕಿಬೀಳ್ತಾರ. ಇಷ್ಟು ಒಳ್ಳೇದೇ.

ಆದರೆ ಸ್ಟೀಮ್ ಕಥೆ ಕೇಳ್ರಿ. 2016ರಲ್ಲಿ ಶುರುವಾದ ಬ್ಲಾಕ್‌ಚೈನ್ ಬರವಣಿಗೆ ಜಾಲ ಅದು. ಅಲ್ಲಿ ಯಾರ ಹತ್ತಿರ ಟೋಕನ್ ಹೆಚ್ಚು, ಅವರ ಓಟಿನ ತೂಕ ಹೆಚ್ಚು. 2020ರಲ್ಲಿ ಜಸ್ಟಿನ್ ಸನ್ ಎಂಬ ಶ್ರೀಮಂತ ಅದರ ಮೂಲ ಕಂಪನಿ ಕೊಂಡ. ಎಕ್ಸ್‌ಚೇಂಜ್‌ಗಳಲ್ಲಿ ಗಿರಾಕಿಗಳು ಇಟ್ಟಿದ್ದ ಟೋಕನ್‌ಗಳ ಓಟೂ ಅವನ ಕಡೆಗೇ ಬಿದ್ದು ಜಾಲದ ಹಿಡಿತ ಅವನ ಕೈಗೆ ಹೋಯ್ತು. ಬಳಕೆದಾರರು ಸಿಟ್ಟಾಗಿ ಮಾರ್ಚ್‌ನಲ್ಲಿ ‘ಹೈವ್’ ಅಂತ ಬೇರೆ ಜಾಲ ಕಟ್ಟಿಕೊಂಡರು. ಒಬ್ಬರಿಗೆ ಒಂದೇ ಓಟು, ಒಂದೇ ಬೆಲೆ ಅಂದ ಬಾಬಾಸಾಹೇಬರ ಮಕ್ಕಳು ನಾವು. ರೊಕ್ಕ ತೂಗಿ ಓಟು ಕೊಡೋ ಮನಿಗೆ ಯಾಕ ಹೋಗೂಣು?

ಇನ್ನೊಂದು. ಅಳಸಾಕ ಬರೂದಿಲ್ಲ ಅಂದರೆ ನಮ್ಮ ಹೆಣ್ಮಕ್ಕಳ ಮೇಲೆ ಯಾವನೋ ಹಾಕಿದ ಹೊಲಸು ಬೈಗುಳ, ಫೋನ್ ನಂಬರೂ ಅಲ್ಲೇ ಉಳೀತಾವು. ಇದನ್ನ ಯಾರೂ ಹೇಳೂದಿಲ್ಲ.

ನನ್ನ ಲೆಕ್ಕದಾಗ ಮೊದಲು ನಮ್ಮದೇ ಒಂದು ಸಣ್ಣ ಸರ್ವರ್ ಬೇಕು, ವಂತಿಗೆ ಹಾಕಿ ನಡಸೂಣು. ಐದೂ ತಾಲೂಕಿನಾಗ ಈ ಕೆಲಸ ಬಲ್ಲ ಹುಡುಗ ಹುಡುಗ್ಯಾರು ಇದ್ದರೆ ಕೆಳಗೆ ತಿಳಸ್ರಿ.