ಮೈಕಿನಿಂದ ಅಂಗೈಗೆ

1994ರ ಆಗಸ್ಟ್ 15. ಹುಬ್ಬಳ್ಳಿಯ ಈದ್ಗಾ ಮೈದಾನದಲ್ಲಿ ಧ್ವಜ ಹಾರಿಸುವ ಹಟ, ಗಲಭೆ, ಗೋಲಿಬಾರ್. ಆರು ಜೀವ ಹೋದವು. ಆ ಚಳವಳಿಗೆ ಉಮಾ ಭಾರತಿಯವರು ದೂರದಿಂದ ಬರಬೇಕಾಯಿತು. ಆಗ ಭಾಷಣಕ್ಕೆ ವೇದಿಕೆ, ಮೈಕು ಬೇಕಿತ್ತು. ಕಿಟಕಿ ಮುಚ್ಚಿದರೆ ಮಕ್ಕಳ ಕಿವಿಗೆ ಬೀಳುತ್ತಿರಲಿಲ್ಲ.

2022ರ ಏಪ್ರಿಲ್ 16ರ ರಾತ್ರಿ ಹಳೇ ಹುಬ್ಬಳ್ಳಿ ಠಾಣೆಯ ಮೇಲೆ ಕಲ್ಲು ಬೀಳಲು, ಮಸೀದಿಯ ಮೇಲೆ ಕೇಸರಿ ಧ್ವಜವಿರುವಂತೆ ತಿದ್ದಿದ ಒಂದು ವಾಟ್ಸಾಪ್ ಚಿತ್ರ ಸಾಕಾಯಿತು.

ಈಗಿನ ಭಾಷಣಕಾರ ವೇದಿಕೆ ಏರುವುದೇ ಇಲ್ಲ. ರೀಲ್ಸಿನಲ್ಲಿ ಹಾಡು, ನಗೆಚಾಟಿಕೆ, ವ್ಯಾಯಾಮದ ನಡುವೆ ನೆರೆಯವರ ಮೇಲಿನ ದ್ವೇಷವನ್ನೂ ಬಡಿಸುತ್ತಾನೆ.

"ಅಂವ ನಮ್ಮಣ್ಣ ಇದ್ದಂಗ್ರಿ, ಟೀಚರ್" ಎಂದಳು ನನ್ನ ತರಗತಿಯ ಹುಡುಗಿ. ಪಕ್ಕದಲ್ಲಿದ್ದ ಮುಸ್ಲಿಂ ಗೆಳತಿ ತಲೆ ತಗ್ಗಿಸಿದಳು.

ತಾಯಂದಿರೇ, ಮುಚ್ಚಲು ಈಗ ಕಿಟಕಿಯಿಲ್ಲ. ಮಕ್ಕಳ ಜೊತೆ ಕುಳಿತು ನೋಡೋಣ. 'ಈ ಅಣ್ಣ ಹೇಳಿದ್ದು ನಿಜವೇ?' ಎಂದು ಕೇಳೋಣ.