ಸಂಚಿಯ ಹೊನ್ನಮ್ಮ ಕೇಳಿದ ಪ್ರಶ್ನೆ



ನಮ್ಮ ಬಿಂಡಿಗನವಿಲೆಯಿಂದ ನಾಗಮಂಗಲವನ್ನು ಹಾದು, ಪಾಂಡವಪುರದ ಮಾರ್ಗವಾಗಿ ದಕ್ಷಿಣಕ್ಕೆ ನಡೆದರೆ ಕಾವೇರಿಯ ನಡುಗಡ್ಡೆಯಾದ ಶ್ರೀರಂಗಪಟ್ಟಣ ದೊರೆಯುತ್ತದೆ. ಆ ಊರಿನ ಹೆಸರೆತ್ತಿದೊಡನೆ ಕೋಟೆ, ಕಾಳಗ, 1799ರಲ್ಲಿ ಟಿಪ್ಪು ಮಡಿದ ಸಂಗತಿ, ಇವೇ ನೆನಪಿಗೆ ಬರುವುದು ಸಹಜ. ಆದರೆ ಅದಕ್ಕೂ ನೂರು ವರ್ಷ ಮೊದಲು ಅಲ್ಲಿಯ ಅರಮನೆಯಲ್ಲಿ ಊಳಿಗದ ಹೆಣ್ಣುಮಗಳೊಬ್ಬಳು ಲೇಖನಿ ಹಿಡಿದಳೆಂಬುದನ್ನು ನಾವು ಮರೆಯಲಾಗದು.

ಆಕೆಯೇ ಸಂಚಿಯ ಹೊನ್ನಮ್ಮ. ಊರು ಯಳಂದೂರು. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ, ರಾಣಿ ದೇವಾಜಮ್ಮಣ್ಣಿಯವರ ಸನ್ನಿಧಿಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವುದು ಆಕೆಯ ಕಾಯಕ; ಅದೇ ಆಕೆಯ ಹೆಸರಿಗೂ ಅಂಟಿತು. ಮಂತ್ರಿ ತಿರುಮಲಾರ್ಯರ ಸೋದರ, 'ಮಿತ್ರವಿಂದಾ ಗೋವಿಂದ' ನಾಟಕದ ಕರ್ತೃ ಸಿಂಗರಾರ್ಯರು ಆಕೆಗೆ ವಿದ್ಯಾಗುರುಗಳು. ಅರಮನೆಯ ಪ್ರೇರಣೆಯಿಂದ ಆಕೆ ರಚಿಸಿದ ಕೃತಿ 'ಹದಿಬದೆಯ ಧರ್ಮ'. ಒಂಬತ್ತು ಸಂಧಿಗಳ ಈ ಗ್ರಂಥವು ಹಾಡಲು ಸುಲಭವಾದ ಸಾಂಗತ್ಯದಲ್ಲಿದೆ; ಓದುಬಾರದ ಹೆಂಗಸರೂ ಕೇಳಿ ಕಲಿಯಬಹುದಾದ ಮಟ್ಟು ಅದು.

ಹದಿಬದೆಯೆಂದರೆ ಪತಿವ್ರತೆ. ಗಂಡನ ಸೇವೆಯನ್ನು ಬೋಧಿಸುವ ಗ್ರಂಥದಲ್ಲಿ ಸ್ತ್ರೀಸ್ವಾತಂತ್ರ್ಯ ಎಲ್ಲಿಯದೆಂದು ತಾವು ಕೇಳಬಹುದು. ಆಕ್ಷೇಪಣೆ ನಿಜವೇ. ಆಕೆ ತನ್ನ ಕಾಲದ ಕಟ್ಟನ್ನು ಮುರಿಯಲಿಲ್ಲ. ಆದರೆ ಆ ಕಟ್ಟಿನೊಳಗೇ ನಿಂತು, ಹೆತ್ತವಳೂ ಪೊರೆದವಳೂ ಹೆಣ್ಣೇ ಆಗಿರುವಾಗ ಹೆಣ್ಣನ್ನು ಹೀಗಳೆಯುವುದೇಕೆಂದು ಕೇಳಿದಳು. ಗಂಡು ಹುಟ್ಟಿದ ಮಾತ್ರಕ್ಕೆ ಹೆಚ್ಚೇನು, ಹೆಣ್ಣು ಹುಟ್ಟಿದರೆ ಕುಂದೇನು ಎಂದು ಹೆತ್ತವರನ್ನೇ ವಿಚಾರಿಸಿದಳು. ಒಡೆಯರ ಆಸ್ಥಾನದಲ್ಲಿ ಊಳಿಗದವಳೊಬ್ಬಳು ಹೀಗೆ ಕೇಳುವುದು ಸಾಮಾನ್ಯ ಧೈರ್ಯವಲ್ಲ.

ಇಲ್ಲಿ ನಾವು ಯೋಚಿಸಬೇಕಾದುದೊಂದಿದೆ. ಹೊನ್ನಮ್ಮನಿಗಿಂತ ಐದು ಶತಮಾನಗಳ ಹಿಂದೆಯೇ ಅಕ್ಕಮಹಾದೇವಿ, ಸತ್ಯಕ್ಕ ಮೊದಲಾದ ಶರಣೆಯರು ಮಾತನಾಡಿದ್ದರು. ಪತಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಆಯ್ದಕ್ಕಿ ಲಕ್ಕಮ್ಮ ತಿದ್ದಿದ್ದಳು. ಹಾಗಿದ್ದರೂ ಅದೇ ಪ್ರಶ್ನೆಯನ್ನು ಹೊನ್ನಮ್ಮ ಮೊದಲಿನಿಂದ ಕೇಳಬೇಕಾಯಿತು. ಏಕೆ? ಸಮತೆಯು ಒಮ್ಮೆ ಗಳಿಸಿ ಪೆಟ್ಟಿಗೆಯಲ್ಲಿಡುವ ಆಸ್ತಿಯಲ್ಲ; ಆಚರಣೆ ತಪ್ಪಿದ ತಲೆಮಾರಿನಲ್ಲಿ ಅದು ಕಳೆದುಹೋಗುತ್ತದೆ.

ಇಂದಿಗೂ ಆ ಪ್ರಶ್ನೆ ತೀರಿಲ್ಲ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ ಕಾನೂನು 1994ರಲ್ಲಿಯೇ ಬಂದಿತು. ಆದರೂ 2023ರಲ್ಲಿ ನಮ್ಮ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಆ ಕೃತ್ಯ ನಡೆಯುತ್ತಿದ್ದ ಸಂಗತಿ ಪೊಲೀಸರ ತನಿಖೆಯಿಂದ ಹೊರಬಿದ್ದಿತು. ಬೆಲ್ಲ ಬೇಯುವ ಮನೆಯಲ್ಲಿ ಇಂಥ ವಿಷ! ಅಲ್ಲಿಗೆ ಹೋದವರು ಪರದೇಶದವರಲ್ಲ; ನಮ್ಮ ನಿಮ್ಮಂತೆಯೇ ಮನೆಯಲ್ಲಿ ದೀಪ ಹಚ್ಚಿ ಕೈಮುಗಿಯುವವರು.

ಮಠದ ಅನ್ನವುಂಡು ಅಕ್ಷರ ಕಲಿತ ಬಂಧುಗಳೇ, ವಚನವನ್ನು ಬಾಯಲ್ಲಿ ನುಡಿದು, ಮೊಮ್ಮಗಳು ಹುಟ್ಟಿದಳೆಂದು ಮುಖ ಬಾಡಿಸಿದರೆ ಆ ನುಡಿಗೆ ಬೆಲೆಯೆಲ್ಲಿ? ಮುಂದಿನ ಸಲ ತಮ್ಮ ಮನೆಯ ತೊಟ್ಟಿಲಿಗೆ ಹೆಣ್ಣುಕೂಸು ಬಂದಾಗ, ಗಂಡುಮಗುವಿಗೆ ಹಂಚುವಷ್ಟೇ ಸಕ್ಕರೆಯನ್ನು ಊರಿಗೆ ಹಂಚಿರಿ. ಹೊನ್ನಮ್ಮನಿಗೆ ನಾವು ಕೊಡಬಹುದಾದ ಉತ್ತರ ಅದೇ.